ಹುಬ್ಳಿನೋ ಹುಬ್ಬಳ್ಳಿನೋ

ನಮ್ಮ ಖಾರದ ಪುಡಿ ಅಂಗಡಿಗೆ ಡೊಮೇನ್, ಅಂದ್ರೆ ವೆಬ್‌ಸೈಟಿನ ವಿಳಾಸ, ತಗೊಳ್ಳೋಣ ಅಂತ ನಿನ್ನೆ ರಾತ್ರಿ ಕೂತೆ, ಅಂಗಡಿ ಹೆಸರಿಗೆ ಊರು ಸೇರಿಸಿದ್ರೆ ಮುಗೀತು, ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಇಂಗ್ಲಿಷಲ್ಲಿ ಹುಬ್ಳಿ ಅಂತ ಬರೆಯೋದಾ, ಹುಬ್ಬಳ್ಳಿ ಅಂತನಾ? 2014ರ ನವೆಂಬರ್ 1ರಿಂದ ಸರ್ಕಾರಿ ಲೆಕ್ಕದಲ್ಲಿ ಹುಬ್ಬಳ್ಳಿ. ಆದರೆ ನಮ್ಮ ಬೋರ್ಡ್ ಅದಕ್ಕಿಂತ ಹಳೇದು, ಗಿರಾಕಿಗಳು ಮೊಬೈಲಲ್ಲಿ ಒತ್ತೋದೂ ಹುಬ್ಳಿಯ ಆ ಐದೇ ಇಂಗ್ಲಿಷ್ ಅಕ್ಷರ. ಬ್ಯಾಡಗಿ ಸೇರಿಸೋಣ ಅಂದ್ರೆ ಅಂಗಡೀಲಿರೋ ಚೀಲಗಳ ಮೇಲೇ ಅದರ ಸ್ಪೆಲಿಂಗ್ ಎರಡು ಥರ ಇದೆ. ಕೊನೆಗೆ ಊರನ್ನೇ ಬಿಟ್ಟೆ, ಬರೀ ಅಂಗಡಿ ಹೆಸರು, ಮುಂದೆ ಡಾಟ್ ಇನ್.

ಡೊಮೇನಿಗೂ, ಸೈಟ್ ಇಡೋ ಜಾಗಕ್ಕೂ (ಅದೇ ಹೋಸ್ಟಿಂಗ್) ವರ್ಷಾ ವರ್ಷಾ ಕಟ್ಟಬೇಕು, ಹೋಸ್ಟಿಂಗ್ ಮೊದಲ ವರ್ಷ ಅಗ್ಗ. ರಿನ್ಯೂವಲ್ ರೇಟು ಕೆಳಗೆ ಸಣ್ಣ ಅಕ್ಷರದಲ್ಲಿ, ಅದು ಜಾಸ್ತಿ. ಅಪ್ಪ ಕನ್ನಡಕ ಏರಿಸಿ ನೋಡಿದರು. "ಬೋರ್ಡಿಗೆ ಒಮ್ಮೆ ರೊಕ್ಕ ಕೊಟ್ರ ಮುಗೀತಿತ್ತು, ನಮ್ಮ ಹೆಸರಿಗೆ ನಾವ ವರ್ಷಾ ವರ್ಷಾ ಬಾಡಿಗಿ ಕಟ್ಟೂದೇನಪಾ?" ಅಂದರು. ನಿಜ ಅಲ್ವಾ, ಕಟ್ಟೋದು ತಪ್ಪಿದ್ರೆ ಕೆಲವು ದಿನ ಕಾದು ಆ ಹೆಸರನ್ನ ಬೇರೆ ಯಾರಿಗಾದರೂ ಕೊಟ್ಟುಬಿಡ್ತಾರೆ.

ಹೋದ ಸಲ ಒಬ್ಬ ಹುಡುಗನಿಗೆ ಒಪ್ಪಿಸಿದ್ದೆ, ಅವನು ಡೊಮೇನನ್ನು ತನ್ನ ಹೆಸರಲ್ಲೇ ನೋಂದಾಯಿಸಿಕೊಂಡ, ಈಗ ಫೋನೇ ಎತ್ತಲ್ಲ. ಈ ಸಲ ನನ್ನ ಹೆಸರು, ನನ್ನ ಇಮೇಲ್. ಪಾಸ್‌ವರ್ಡ್ ಮಾತ್ರ ಅಪ್ಪನ ಖಾತೆ ಪುಸ್ತಕದ ಕೊನೇ ಹಾಳೆಯಲ್ಲಿ, ಉದ್ರಿ ಲೆಕ್ಕದ ಪಕ್ಕ.