ಬೇವು ಹೂ ಬಿಟ್ಟಾಗ ಬರುವ ವರ್ಷ

ಕಲಬುರಗಿಯಲ್ಲಿ ಶರಣಬಸಪ್ಪನ ತೇರು ಎಳೆದು ಹತ್ತು-ಹನ್ನೊಂದು ದಿನಕ್ಕೆ ಯುಗಾದಿ. ಬಿಸಿಲು ನೆತ್ತಿ ಸುಡುವ ಆ ಹೊತ್ತಿಗೇ ಬೇವಿನ ಮರ ಹೂ ಬಿಡುತ್ತದೆ. ವರ್ಷದ ಮೊದಲ ಗುಟುಕಿಗೆ ದೇವರು ಆರಿಸಿಕೊಟ್ಟದ್ದು ಆ ಹೂವನ್ನೇ.

ನಮ್ಮ ಭಾಗದಲ್ಲಿ ಬೇವನ್ನು ಪಾನಕ ಮಾಡಿ ಕುಡಿಯುತ್ತೇವೆ. ಹೊಸ ಗಡಿಗೆಗೆ ಹಿಂದಿನ ರಾತ್ರಿಯೇ ನೀರು ತುಂಬಿಡಬೇಕು, ಇಲ್ಲವಾದರೆ ಪಾನಕವನ್ನು ಗಡಿಗೆಯೇ ಹೀರುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಕಿಲುಬು ಏಳುತ್ತದೆ. ಎರಡು ಲೀಟರ್ ನೀರಿಗೆ ನಿಂಬೆಗಾತ್ರದ ಹೊಸ ಹುಣಸೆಹಣ್ಣು, ಕಾಲು ಕಿಲೊ ಬೆಲ್ಲ, ಒಂದು ಮಾವಿನಕಾಯಿಯ ತುರಿ, ನಾಲ್ಕು ಚಮಚ ಪುಠಾಣಿ (ಹುರಿಗಡಲೆ) ಹಿಟ್ಟು, ಒಂದು ಚಮಚ ಹುರಿದ ಗಸಗಸೆ. ಒಣಕೊಬ್ಬರಿ, ಉತ್ತತ್ತಿ, ದ್ರಾಕ್ಷಿ ಮನೆಯ ಶಕ್ತಿಯಂತೆ. ಬೆಲ್ಲದ ನೀರು ಸೋಸಲೇಬೇಕು. ಪುಠಾಣಿ ಹಿಟ್ಟನ್ನು ಮೊದಲು ತುಸು ನೀರಿನಲ್ಲಿ ಕಲಸಿಕೊಳ್ಳದಿದ್ದರೆ ಗಂಟು ಬೀಳುತ್ತದೆ.

ಹೂವಿನ ಮಾತೇ ಬೇರೆ. ಬಿಸಿಲೇರುವ ಮೊದಲು ಮರದ ಕೆಳಗೆ ಬಿಳಿ ಬಟ್ಟೆ ಹಾಸಿ ಟೊಂಗೆ ಮೆಲ್ಲಗೆ ಅಲುಗಿಸಿ. ಕಡ್ಡಿ, ದೇಟು ಆರಿಸಿ ತೆಗೆಯಿರಿ, ಗಂಟಲು ಹಿಡಿಯುವುದು ಅವುಗಳಿಂದ. ಎರಡು ಚಮಚ ಸಾಕು, ಅದೂ ನೈವೇದ್ಯಕ್ಕೆ ತುಸು ಮುಂಚೆ. ರಾತ್ರಿಯೇ ನೆನೆಹಾಕಿದರೆ ಕಹಿ ಏರಿ ಮಕ್ಕಳು ಮುಟ್ಟುವುದಿಲ್ಲ. ಹದವಾದ ಬೇವಿನಲ್ಲಿ ಕಹಿ ಮೊದಲು ಗೊತ್ತಾಗದು. ಬೆಲ್ಲ, ಹುಳಿ ಗಂಟಲಿಗಿಳಿದ ಮೇಲೆ ನಾಲಗೆಯ ಬುಡದಲ್ಲಿ ಹೂವಿನ ಕಂಪಿನ ಜೊತೆ ನಿಧಾನಕ್ಕೆ ಏಳುತ್ತದೆ, ಎದ್ದದ್ದು ಬೇಗ ಇಳಿಯುವುದಿಲ್ಲ. ಪ್ರಸಾದ ಒಳಗಿಳಿದ ಗುರುತು ಅದು. ಅದಕ್ಕೆ ಅಂಜಿ ನಾಲ್ಕು ಹೂ ತೇಲಿಸಿ ಶಾಸ್ತ್ರ ಮುಗಿಸುವವರು, ಉಪ್ಪಿಟ್ಟು ತಿಂದು ಆಮೇಲೆ ಕುಡಿಯುವವರು ಈಗ ಹೆಚ್ಚು. ಎಣ್ಣೆಸ್ನಾನ, ಪೂಜೆ ಮುಗಿಸಿ ಖಾಲಿ ಹೊಟ್ಟೆಗೆ ಕುಡಿಯಬೇಕಾದ ಪ್ರಸಾದವಿದು.

ಹಬ್ಬ ಹೂವಿನ ಕಾಲ ಬಿಟ್ಟು ದೂರ ಜಾರದಂತೆ ಹಿರಿಯರು ಲೆಕ್ಕ ಕಟ್ಟಿದ್ದಾರೆ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ, ಸೂರ್ಯನ ವರ್ಷಕ್ಕೆ 365. 2024ರಲ್ಲಿ ಏಪ್ರಿಲ್ 9ಕ್ಕಿದ್ದ ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಆ ವರ್ಷ ಹದಿಮೂರನೆಯ ತಿಂಗಳಾಗಿ ಅಧಿಕ ಜ್ಯೇಷ್ಠ ಸೇರಿ 2027ರದು ಏಪ್ರಿಲ್ 7. ಬೇಗ ಬಂದ ವರ್ಷ ಮರದಲ್ಲಿ ಬರೀ ಮೊಗ್ಗಿರಬಹುದು, ಅದಕ್ಕೆಂದೇ ಹಿಂದಿನ ವರ್ಷದ ಹೂವನ್ನು ನೆರಳಲ್ಲಿ ಒಣಗಿಸಿಡಬೇಕು. ಹಿಜರಿ ವರ್ಷಕ್ಕೆ ಅಧಿಕಮಾಸವಿಲ್ಲ. ಹಾಗಾಗಿ ಅದರ ಮೊದಲ ತಿಂಗಳಾದ ಮೊಹರಂ ಸುಮಾರು 33 ವರ್ಷಕ್ಕೆ ಎಲ್ಲ ಋತು ಸುತ್ತುತ್ತದೆ. ನಮ್ಮ ಹಳ್ಳಿಗಳ ಮೊಹರಂನ ಅಲಾಯಿ ಕುಣಿತ ಮಳೆಗಾಲಕ್ಕೂ ಬರುತ್ತದೆ, ಚಳಿಗೂ ಬರುತ್ತದೆ. ಬೀದರಿನ ನಾನಕ ಝೀರಾ ಗುರುದ್ವಾರಕ್ಕೆ ನಡೆದುಕೊಳ್ಳುವ ಸಿಖ್ಖರ ನಾನಕಶಾಹಿ ವರ್ಷ ಮಾರ್ಚ್ 14ಕ್ಕೆ ಹುಟ್ಟುತ್ತದೆ. ಇರಾನಿನ ಹೊಸ ವರ್ಷ ನೌರೋಜ್ ಹಗಲು-ರಾತ್ರಿ ಸಮವಾಗುವ ಮಾರ್ಚ್ 20ರ ಆಸುಪಾಸು. ಆ ದಿನ ಏಳು ವಸ್ತು ಜೋಡಿಸುವ ಅವರ ಹಫ್ತ್ ಸೀನ್ ಹಾಸಿನಲ್ಲೂ ಸೇಬಿನ ಪಕ್ಕ ಬೆಳ್ಳುಳ್ಳಿ, ವಿನೆಗರ್ ಇಡುತ್ತಾರೆ. ಹೊಸ ವರ್ಷಕ್ಕೆ ಬರೀ ಸಿಹಿ ಸಾಲದೆಂದು ಅವರಿಗೂ ಅನಿಸಿರಬೇಕು.

ನಮ್ಮ ಕಲ್ಯಾಣದಿಂದ (ಇಂದಿನ ಬಸವಕಲ್ಯಾಣ) ಆಳಿದ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಶಕವರ್ಷ ಬಿಟ್ಟು ಚಾಳುಕ್ಯ ವಿಕ್ರಮ ವರ್ಷ ಆರಂಭಿಸಿದ. ಎಣಿಕೆ ಬದಲಾಯಿತು, ವರ್ಷದ ಬಾಗಿಲು ಮಾತ್ರ ಚೈತ್ರ ಶುದ್ಧ ಪಾಡ್ಯವಾಗಿಯೇ ಉಳಿಯಿತು.

ಗಡಿಗೆಯಲ್ಲಿ ಮಿಕ್ಕ ಬೇವನ್ನು ಚೆಲ್ಲಬೇಡಿ. ತಳದ ಹಿಟ್ಟು ಕಲಕಿ, ಹೋಳಿಗೆ ಊಟಕ್ಕೆ ಕೂರುವ ಮುಂಚೆಯೇ ಅಕ್ಕಪಕ್ಕದ ಮನೆಗಳಿಗೆ ಒಂದೊಂದು ಲೋಟ ಕೊಟ್ಟುಬಿಡಿ. ಮಧ್ಯಾಹ್ನದ ಸೆಕೆಗೆ ಅದು ಹುಳಿತುಹೋಗುತ್ತದೆ.