ನಡುವಿನಿಂದ ಹಿಡಿಯಲು ಬಾರದ ಪಾಠ

ಪುಸ್ತಕ ನೋಡದೆ ಪಲ್ಲವಿಯಿಂದ ಕೊನೆಯ ಚರಣದವರೆಗೆ ತಪ್ಪಿಲ್ಲದೆ ನುಡಿಸಿದ ಮಗುವಿಗೆ ಆ ಕೃತಿ ಕಂಠಸ್ಥವಾಗಿದೆ ಎಂದು, ಪಿಟೀಲು ಪಾಠ ಹೇಳುವ ಉದ್ಯೋಗದಲ್ಲಿರುವ ನಾನು ಈ ವರ್ಷದ ಪುಷ್ಯ ಬಹುಳ ಪಂಚಮಿಯವರೆಗೂ ನಂಬಿದ್ದೆ. ನಮ್ಮ ಶಾಲೆಯ ಮಕ್ಕಳು ಆ ತಿಥಿಯಂದು ನಡೆಯುವ ತ್ಯಾಗರಾಜರ ಆರಾಧನೆಯ ದಿನ, ಅವರ ಐದು ಕೃತಿಗಳನ್ನು ಎಲ್ಲರೂ ಕೂಡಿ ಹಾಡಿ ನುಡಿಸುವ ಪಂಚರತ್ನ ಗೋಷ್ಠಿಯಲ್ಲಿ ಹಿರಿಯರೊಂದಿಗೆ ಕೂರುತ್ತಾರೆ. ಐದು ಕೃತಿಗಳ ಪಾಠವೂ ಸಕಾಲಕ್ಕೆ ಮುಗಿದಿತ್ತು, ತರಗತಿಯಲ್ಲಿ ಎಲ್ಲರೂ ನಿರಾಯಾಸವಾಗಿ ಒಪ್ಪಿಸಿದ್ದರು. ಆಡಳಿತದವರು ಮಾತ್ರ ಧೈರ್ಯ ಸಾಲದೆ, ಮಕ್ಕಳ ಮುಂದೆ ಸ್ವರಲಿಪಿ ಇರಲೆಂದು ಕೆಲವು ಟ್ಯಾಬ್ಲೆಟ್‌ಗಳನ್ನು ತರಿಸಿಕೊಟ್ಟಿದ್ದರು.

ನಾಟ, ಗೌಳ, ಆರಭಿ, ವರಾಳಿ ರಾಗಗಳ ಕೃತಿಗಳು ಸುಗಮವಾಗಿ ಸಾಗಿದವು. ಶ್ರೀ ರಾಗದ ‘ಎಂದರೋ ಮಹಾನುಭಾವುಲು’ ಆರಂಭವಾಗುವ ಹೊತ್ತಿಗೆ, ಸಮಯ ಮೀರುತ್ತಿದೆ ಎಂಬ ಚೀಟಿ ವ್ಯವಸ್ಥಾಪಕರಿಂದ ಮುಖ್ಯ ಗಾಯಕರ ಕೈ ಸೇರಿತು. ಈ ಕೃತಿಯ ಹತ್ತು ಚರಣಗಳಲ್ಲಿ ಒಂದನ್ನೂ ಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ, ಆದರೆ ಆ ಜಗಳಕ್ಕೆ ಅದು ಹೊತ್ತಾಗಿರಲಿಲ್ಲ. ‘ಸಾಮಗಾನಲೋಲ’ ಆಯಿತು, ‘ಮಾನಸವನಚರ’ ಆಯಿತು, ಪಲ್ಲವಿಗೆ ಮರಳಿದ ಗಾಯಕರು ನಡುವಿನ ಚರಣಗಳನ್ನು ಬಿಟ್ಟು ಅಲ್ಲಿಂದ ನೇರವಾಗಿ ‘ಭಾಗವತ ರಾಮಾಯಣ’ದ ಸ್ವರಕ್ಕೆ ಹೋದರು.

ನನ್ನ ಮಕ್ಕಳ ಸಾಲು ಒಮ್ಮೆಗೇ ಮೌನವಾಯಿತು. ಕಮಾನುಗಳು ತಂತಿಯ ಮೇಲೆಯೇ ಇದ್ದವು, ಎಳೆಯುವ ಕೈಗಳು ನಿಂತಿದ್ದವು. ಟ್ಯಾಬ್ಲೆಟ್ ಇದ್ದವರು ತಲೆ ತಗ್ಗಿಸಿ ಪುಟ ಸರಿಸುತ್ತ, ಎದುರು ಸಾಲಿನ ಗಾಯಕರ ಕೈತಾಳವನ್ನೂ ಕಳೆದುಕೊಂಡರು. ಟ್ಯಾಬ್ಲೆಟ್ ಇಲ್ಲದವರಲ್ಲಿ ಒಬ್ಬ ಹುಡುಗ ಮೂರನೆಯ ಚರಣವನ್ನೇ ಮೆಲ್ಲಗೆ ಹಿಡಿದು, ಅದು ಹೊಂದುವುದಿಲ್ಲವೆಂದು ತಿಳಿದ ಕೂಡಲೇ ಬಿಟ್ಟುಬಿಟ್ಟ. ನಾನು ಗಟ್ಟಿಯಾಗಿ ನುಡಿಸುತ್ತ ಅವರ ಕಡೆ ನೋಡುತ್ತಿದ್ದೆ. ನನ್ನ ನಾದ ಕಿವಿಗೆ ಬಿದ್ದರೆ ಅವರು ಬಂದು ಸೇರಿಯಾರೆಂದು ಭಾವಿಸಿದ್ದೆ. ತಾಳದ ಆವರ್ತಗಳು ಉರುಳಿದವು, ಯಾರೂ ಸೇರಲಿಲ್ಲ. ಸ್ವರ ಮುಗಿದು ಸಾಹಿತ್ಯ, ಎಂದರೆ ಹಾಡಿನ ಮಾತು, ಬಂದಾಗ ಮಾತ್ರ ಇಬ್ಬರು ಹುಡುಗಿಯರು ಸ್ಥಳ ಹಿಡಿದರು, ಉಳಿದವರು ಪಲ್ಲವಿಗಾಗಿ ಕಾದರು. ಮಗ್ಗಿ ಬಲ್ಲ ಮಗುವನ್ನು ಏಳೆಂಟಲೆ ಎಷ್ಟೆಂದು ಕೇಳಿದರೆ ಅದು ಏಳೊಂದಲೆ ಏಳರಿಂದ ಹೊರಟು ಬರುವಂತೆ, ಈ ಮಕ್ಕಳಿಗೂ ಕೃತಿಯೊಳಗೆ ಹೋಗಲು ಮೊದಲ ಬಾಗಿಲೊಂದೇ ಗೊತ್ತಿತ್ತು. ಉಳಿದ ಬಾಗಿಲುಗಳನ್ನು ನಾನು ತೋರಿಸಿರಲೇ ಇಲ್ಲ.

ನಂತರ ಆ ಇಬ್ಬರನ್ನು ವಿಚಾರಿಸಿದೆ. ಅವರು ಮನೆಯಲ್ಲಿ ತಾಯಂದಿರೊಂದಿಗೆ ಈ ಕೃತಿಯನ್ನು ಹಾಡಿಕೊಳ್ಳುವವರು. ಹಾಡಿಕೊಳ್ಳುವವರಿಗೆ ಮಾತ್ರ ಸ್ಥಳ ಸಿಕ್ಕಿದ್ದರ ಕಾರಣ ರಾಗದ ಸ್ವರೂಪದಲ್ಲಿಯೇ ಇದೆ. ಶ್ರೀ ರಾಗದ ಆರೋಹಣದಲ್ಲಿ, ಎಂದರೆ ಏರುವಾಗ, ಗಾಂಧಾರ, ಧೈವತ ಸ್ವರಗಳಿಲ್ಲ, ಇಳಿಯುವಾಗ ಗಾಂಧಾರ ‘ರಿಗರಿಸ’ ಎಂಬ ವಕ್ರದಲ್ಲಿ, ಎಂದರೆ ಸುತ್ತುದಾರಿಯಲ್ಲಿ, ಬರುತ್ತದೆ. ಹೀಗಾಗಿ ಚರಣ ಯಾವುದಾದರೂ ಎಡಗೈ ‘ರಿಮಪನಿ’, ‘ನಿಪಮ’, ‘ರಿಗರಿಸ’ಗಳ ಜಾಡಿನಲ್ಲಿಯೇ ಸುತ್ತುತ್ತಿರುತ್ತದೆ, ಮೇಲಾಗಿ ಪ್ರತಿ ಚರಣವೂ ಅದೇ ಪಲ್ಲವಿಗೆ ಮರಳುತ್ತದೆ. ಬೆರಳಿಗೆ ಮಾತ್ರ ಪಾಠವಾಗಿದ್ದರೆ ಮುಂದಿನ ದಾರಿ ಯಾವುದೆಂದು ಬೆರಳು ತೀರ್ಮಾನಿಸಲಾರದು, ಹಿಂದಿನ ಚರಣದ ಬೆನ್ನು ಹಿಡಿದು ನಡೆಯುವುದಷ್ಟೇ ಅದಕ್ಕೆ ಗೊತ್ತು. ಚರಣದಿಂದ ಚರಣವನ್ನು ಬೇರ್ಪಡಿಸುವುದು ಸಾಹಿತ್ಯ. ವಾದ್ಯದ ಮಕ್ಕಳಿಗೆ ಸಾಹಿತ್ಯ ಅಷ್ಟು ಅಗತ್ಯವಿಲ್ಲವೆಂದು ನಾನು ಸ್ವರದಲ್ಲಿಯೇ ಪಾಠ ಮುಗಿಸಿದ್ದೆ.

ಈಗ ಪಾಠದ ಕ್ರಮ ಬದಲಾಗಿದೆ. ಕೈಯಲ್ಲಿ ತಾಳ ಹಾಕಿಕೊಂಡು ಸ್ವರ, ಸಾಹಿತ್ಯ ಎರಡನ್ನೂ ಹಾಡಲು ಬಾರದೆ ಯಾರೂ ಆ ಚರಣಕ್ಕೆ ಕಮಾನು ಹಚ್ಚುವಂತಿಲ್ಲ. ಹಾಡಿದ ಮೇಲೆ, ಮನಸ್ಸಿನಲ್ಲಿ ಹಾಡಿಕೊಳ್ಳುತ್ತ ಎಡಗೈ ಬೆರಳುಗಳನ್ನಷ್ಟೇ ತಂತಿಯ ಮೇಲೆ ಇಟ್ಟು ನೋಡಬೇಕು. ಕೊನೆಯ ಚರಣವನ್ನು ಮೊದಲು ಕಲಿಸುತ್ತೇನೆ, ಏಕೆಂದರೆ ಅಭ್ಯಾಸದಲ್ಲಿ ಅದಕ್ಕೇ ಅತ್ಯಂತ ಕಡಿಮೆ ಕಾಲ ಸಿಗುತ್ತಿತ್ತು. ತರಗತಿಯಲ್ಲಿ ಯಾವುದೋ ಸಾಲಿನ ಎರಡು ಪದ ಹಾಡಿದರೆ ಅಲ್ಲಿಂದಲೇ ಎತ್ತಿಕೊಳ್ಳಬೇಕು, ಹಿಂದೆ ಹೋಗುವಂತಿಲ್ಲ. ಆರಂಭದಲ್ಲಿ ಮಕ್ಕಳು ಬಹಳ ಕಷ್ಟಪಟ್ಟರು, ಒಂದಿಬ್ಬರು ಅತ್ತರು ಕೂಡ. ಆದರೂ ಈ ಕ್ರಮವನ್ನು ಬಿಡಲು ನನಗೆ ಮನಸ್ಸಿಲ್ಲ.

ನಾನು ಸ್ವರಲಿಪಿಯ ವಿರೋಧಿಯಲ್ಲ. 1904ರಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಸ್ವರವನ್ನು ಓಲಾಡಿಸುವ ಗಮಕದ ಚಿಹ್ನೆಗಳನ್ನೂ ಕೊಟ್ಟಿದೆ, ಒಂದೇ ಕೃತಿಯ ಬೇರೆ ಬೇರೆ ಪಾಠಗಳ ಸಂದೇಹ ಬಂದಾಗ ನಾನು ಗೌರವದಿಂದ ತೆರೆಯುವ ಗ್ರಂಥ ಅದು. ಆದರೆ ಅದನ್ನು ತೆರೆಯುವ ಜಾಗ ಮನೆ, ವೇದಿಕೆಯಲ್ಲ. ಆಡಳಿತದವರು ಮಾತ್ರ ಇದಕ್ಕೆ ಪರಿಹಾರವೆಂದು, ಕಾಲಿನಿಂದ ಪುಟ ತಿರುಗಿಸುವ ಪೆಡಲ್ ಕೊಳ್ಳುವ ಪ್ರಸ್ತಾಪ ತಂದಿದ್ದಾರೆ. ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಪಾದಕ್ಕೆ ಆನಿಸಿಕೊಂಡ ಮಗು ಯಾವ ಕಾಲಿನಿಂದ ಪೆಡಲ್ ಒತ್ತಬೇಕೆಂದು ನಾನು ಸಭೆಯಲ್ಲಿ ಕೇಳಿದೆ. ಆ ಹಣಕ್ಕೆ ಬದಲಾಗಿ ವಾರಕ್ಕೊಂದು ಹೆಚ್ಚಿನ ಪಾಠದ ಅವಧಿ ಕೊಡಿರೆಂದೂ, ಮುಂದಿನ ಆರಾಧನೆಯಲ್ಲಿ ಮಕ್ಕಳು ನಾಟ ಮತ್ತು ಶ್ರೀ ರಾಗದ ಕೃತಿಗಳಿಗೆ ಮಾತ್ರ ಕೂರಲಿ ಎಂದೂ ಬರೆದುಕೊಟ್ಟಿದ್ದೇನೆ. ಐದು ಕೃತಿಗಳೂ ಇರಲೇಬೇಕೆಂದು ಪೋಷಕರು ಒತ್ತಾಯಿಸುತ್ತಿರುವುದರಿಂದ ನಿರ್ಧಾರ ಇನ್ನೂ ಆಗಿಲ್ಲ.