ಚಾವಿ ವಾಚು ಕೂಡಿಸಿದ ಒಂದು ದಿನ

ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ವಾಚಿನ ಕೆಲಸವನ್ನು ಬೆಳಿಗ್ಗೆ ಆರಕ್ಕೇ ಹಿಡಿಯಬೇಕು. ಹತ್ತು ದಾಟಿದರೆ ಫ್ಯಾನ್ ಇಲ್ಲದೆ ಕೂರಲಾಗದು, ಫ್ಯಾನ್ ಹಾಕಿದರೆ ದೂಳು ಏಳುತ್ತದೆ. ಅದಿರಿನ ಲಾರಿಗಳು ಓಡಾಡುವ ಊರಿದು. ಆ ಕೆಂಪು ಪುಡಿ ಹಿತ್ತಾಳೆಗಿಂತ ಗಟ್ಟಿ. ಒಂದು ಕಣ ಎಣ್ಣೆಗೆ ಸೇರಿದರೆ ಸಾಣೆಯ ಹಾಗೆ ಸವೆಸುತ್ತಲೇ ಇರುತ್ತದೆ. ಅದಕ್ಕೇ ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಅರ್ಧ ತಾಸು ಬಿಟ್ಟು ಮೇಜಿಗೆ ಕೂತದ್ದು.

ಕೂಡಿಸಬೇಕಿದ್ದುದು ಒಂದೇ ವಾಚು: ಹಳೆಯ ಎಚ್‌ಎಂಟಿಯ 17 ಜ್ಯುವೆಲ್‌ಗಳ (ಗಾಲಿಗಳ ಅಚ್ಚಿನ ತುದಿ ಕೂರುವ ಪುಟ್ಟ ಗಟ್ಟಿ ಕಲ್ಲುಗಳ) ಚಾವಿ ಮಷಿನ್, ಹೊಸ ಸ್ಟೀಲ್ ಕೇಸು, ನಮ್ಮದೇ ಡಯಲ್. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸು. ಇದರ ಬಿಡಿಭಾಗ ಹಳೆಯ ವಾಚುಗಳಲ್ಲಿ ಇವತ್ತಿಗೂ ಸಿಗುತ್ತವೆ, ಬಿಚ್ಚಲು ಬಲ್ಲ ಕೈಗಳೂ ಬಜಾರಿನಲ್ಲಿವೆ. ನಮ್ಮ ವಾಚಿಗೆ ಅದೇ ಮುಖ್ಯ. ಅಂಟು ಎಲ್ಲೂ ಇಲ್ಲ, ಬರೀ ಸ್ಕ್ರೂ. ಗಾಜು ಅಕ್ರಿಲಿಕ್, ಗೀರು ಬಿದ್ದರೆ ಪಾಲಿಶ್ ಮಾಡಬಹುದು. ತಾರೀಖು ಬೇಡ. ತಾರೀಖಿನ ಗಾಲಿ ಹಲ್ಲು ಕಚ್ಚಿಕೊಂಡಿರುವ ನಡುರಾತ್ರಿಯ ಹೊತ್ತಿನಲ್ಲಿ ಯಾರಾದರೂ ಅವಸರದಿಂದ ತಿರುಗಿಸಿದರೆ ಹಲ್ಲೇ ಮುರಿಯುತ್ತದೆ. ಸ್ವಿಟ್ಜರ್ಲೆಂಡಿನ ವಾಚು ತಯಾರಕ ಫಿಲಿಪ್ ಡುಫೂರ್ 2000ದಲ್ಲಿ ತಂದ ‘ಸಿಂಪ್ಲಿಸಿಟಿ’ ವಾಚಿನಲ್ಲೂ ತಾರೀಖಿಲ್ಲ, ತಾಸು, ನಿಮಿಷ, ಸೆಕೆಂಡು, ಅಷ್ಟೇ.

ಭಾಗಗಳೆಲ್ಲ ವೈಟ್ ಪೆಟ್ರೋಲಿನಲ್ಲಿ ತೊಳೆದಾಯಿತು. ಒಂದೊಂದು ಜ್ಯುವೆಲಿನ ತೂತಿಗೂ ಚೂಪು ಮಾಡಿದ ಮೆತ್ತನೆಯ ಕಡ್ಡಿ ಹಾಕಿ, ಅದರ ತುದಿ ಬೆಳ್ಳಗೆ ಹೊರಬರುವ ತನಕ ತಿರುಗಿಸಬೇಕು. ಎಣ್ಣೆ ಕಡಿಮೆಯಾದರೂ ಕೆಟ್ಟಿತು, ಹೆಚ್ಚಾದರೆ ಇನ್ನೂ ಕೆಟ್ಟಿತು. ನಮ್ಮ ಸೆಕೆಗೆ ಅದು ಹರಿದು ಎಲ್ಲೆಲ್ಲೋ ಸೇರುತ್ತದೆ. ಅತ್ತಿತ್ತ ತೂಗುತ್ತ ವಾಚಿನ ವೇಗ ಕಾಯುವ ಗಾಲಿಯೇ ಬ್ಯಾಲೆನ್ಸ್; ಅದರ ಮೇಲ್ಜ್ಯುವೆಲಿನ ಅಗಲದ ಮೂರರಲ್ಲಿ ಎರಡು ಪಾಲು ಹರಡುವ ಒಂದು ಚುಕ್ಕೆ ಸಾಕು. ಗಾಲಿಯನ್ನು ಒಂದೊಂದೇ ಹಲ್ಲು ಬಿಡುವ ಪ್ಯಾಲೆಟ್ಟಿನ ಪಿವೊಟ್‌ಗಳಿಗೆ (ಅಚ್ಚಿನ ತುದಿಗಳಿಗೆ) ಎಣ್ಣೆಯೇ ಬೇಡ. ಅದು ಸುತ್ತುವುದಿಲ್ಲ, ಅತ್ತಿತ್ತ ತುಸು ಹೊರಳುತ್ತದೆ ಅಷ್ಟೇ. ಎಣ್ಣೆ ಬಿದ್ದರೆ ಎಳೆದು ಹಿಡಿಯುತ್ತದೆ.

ಮಧ್ಯಾಹ್ನ, ಟಿಕ್ ಸದ್ದು ಕೇಳಿ ವೇಗ ಅಳೆಯುವ ಟೈಮಿಂಗ್ ಮಷಿನ್ ಮೇಲಿಟ್ಟಾಗ ಬ್ಯಾಲೆನ್ಸಿನ ತೂಗಾಟ 280 ಡಿಗ್ರಿ, ಒಳ್ಳೆಯದೇ. ಆದರೆ ದಿನಕ್ಕೆ ನಾಲ್ಕು ನಿಮಿಷ ಮುಂದೆ! ಐಗ್ಲಾಸ್ ಹಾಕಿ ನೋಡಿದರೆ ಬ್ಯಾಲೆನ್ಸನ್ನು ತೂಗಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಎರಡು ಸುರುಳಿ ಒಂದಕ್ಕೊಂದು ತಾಗುತ್ತಿದ್ದವು. ಹಾಗೆ ತಾಗಿದರೆ ಸ್ಪ್ರಿಂಗ್ ಉದ್ದ ಕಡಿಮೆಯಾದಂತೆ, ವಾಚು ಮುಂದೆ ಓಡತೊಡಗುತ್ತದೆ. ಎಣ್ಣೆ ಅಂಟಿರಬೇಕು ಎಂದು ಮತ್ತೆ ತೊಳೆಯುವ ಮುಂಚೆ ಪುಟ್ಟ ದಿಕ್ಸೂಚಿಯೊಂದನ್ನು ಮೇಲೆ ಹಿಡಿದದ್ದು ಒಳ್ಳೆಯದಾಯಿತು. ಬ್ಯಾಲೆನ್ಸ್ ತೂಗಿದ ಹಾಗೆ ಅದರ ಮುಳ್ಳೂ ನಡುಗಿತು. ಅಯಸ್ಕಾಂತ ಹಿಡಿದಿತ್ತು. ಸ್ಪೀಕರಿನ ಪಕ್ಕ ಇಟ್ಟಿದ್ದ ಚಿಮಟವೇ ಕಾರಣ. ಅದು ಪುಟ್ಟ ಸ್ಕ್ರೂಗಳನ್ನು ತಾನಾಗಿ ಎಳೆಯುತ್ತಿತ್ತು.

ಅಯಸ್ಕಾಂತ ಇಳಿಸುವ ಡಿಮ್ಯಾಗ್ನೆಟೈಸರ್ ಬಳಸುವಾಗ ಬಹಳ ಜನ ಒಂದೇ ತಪ್ಪು ಮಾಡುತ್ತಾರೆ: ವಾಚು ಹತ್ತಿರವಿರುವಾಗಲೇ ಗುಂಡಿ ಬಿಡುತ್ತಾರೆ. ಕರೆಂಟು ತಟ್ಟನೆ ನಿಂತರೆ ಆ ಕ್ಷಣದ ಅಯಸ್ಕಾಂತ ಹಾಗೇ ಉಳಿಯುತ್ತದೆ. ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಒಂದು ಮೊಳ ದೂರ ಸರಿಸಿ, ಆಮೇಲೆ ಬಿಡಬೇಕು. ಮೊದಲು ಚಿಮಟ, ಆಮೇಲೆ ವಾಚು. ಸುರುಳಿಗಳು ಬಿಡಿಸಿಕೊಂಡವು; ದಿನಕ್ಕೆ 8 ಸೆಕೆಂಡು ಮುಂದೆ.

ಮುಳ್ಳುಗಳನ್ನು ಹನ್ನೆರಡಕ್ಕೆ ಕೂರಿಸಿ, ಎಲ್ಲೂ ಒಂದಕ್ಕೊಂದು ತಾಗದಂತೆ ಹನ್ನೆರಡು ತಾಸಿನ ಸುತ್ತು ತಿರುಗಿಸಿ, ರಾತ್ರಿ ಒಂಬತ್ತಕ್ಕೆ ಪೂರ್ತಿ ಚಾವಿ ಕೊಟ್ಟು ಮಲಗಿಸಿಟ್ಟೆವು. ಹಿಂದಿನ ಮುಚ್ಚಳ ಇನ್ನೂ ಬಿಗಿದಿಲ್ಲ. ನಾಳೆ ಇದೇ ಹೊತ್ತಿಗೆ ತೂಗಾಟ 220ಕ್ಕಿಂತ ಕೆಳಗಿಳಿದಿದ್ದರೆ ಮತ್ತೆ ಬಿಚ್ಚಬೇಕು.